ಶಬ್ದವಿಚಾರ: ಹೊಲವೂ ಗದ್ದೆಯೂ ಒಂದಲ್ಲ



ಪಟ್ಟಣವಾಸಿಗಳಾದ ನಾವು ಯಾರನ್ನಾದರೂ ಕುರಿತು "ಅವರಿಗೇನು ಕಡಮೆ, ಊರಿನಲ್ಲಿ ಬೇಕಾದಷ್ಟು ಹೊಲಗದ್ದೆಯಿದೆ" ಎಂದು ಆಡುವುದುಂಟು. ಹೊಲ, ಗದ್ದೆ ಎಂಬ ಎರಡು ಮಾತುಗಳು ನಮ್ಮ ನಾಲಗೆಯ ಮೇಲೆ ಬೆಸೆದುಹೋಗಿ, 'ಜಮೀನು' ಎಂಬಷ್ಟೇ ಅರ್ಥವನ್ನು ಕೊಡುತ್ತವೆ. ಇದೇ ಮಾತನ್ನು ಒಬ್ಬ ಬೇಸಾಯಗಾರನ ಮುಂದೆ ಆಡಿ ನೋಡಬೇಕು. ಹೊಲವೆಂದರೆ ಮಳೆಯನ್ನು ನಂಬಿ ರಾಗಿ, ಜೋಳಗಳನ್ನು ಬಿತ್ತುವ ಬೆದ್ದಲು. ಗದ್ದೆಯೆಂದರೆ ನೀರು ಕಟ್ಟಿ ಭತ್ತವನ್ನು ನಾಟಿ ಮಾಡುವ ತರಿ. ಕ್ರಯಪತ್ರದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಬಿದ್ದರೆ ಬೆಲೆಯೇ ಬೇರೆಯಾಗುವುದು. ಜೋಡಿಯಾಗಿ ಕೇಳಿ ಕೇಳಿ ಎರಡನ್ನೂ ಒಂದೆಂದು ಬಗೆಯತಕ್ಕವನು ದೂರದವನು. ಅದರಲ್ಲಿ ಕೈಯಿಟ್ಟು ದುಡಿದವನಿಗೆ ಭೇದವು ಅಂಗೈಯ ನೆಲ್ಲಿಯಷ್ಟು ಸ್ಪಷ್ಟ.

ಇಂಗ್ಲಿಷಿನ ವಿಷಯದಲ್ಲಿ ನಮ್ಮಲ್ಲಿ ಬಹುಮಂದಿ ಇಂತಹ ದೂರದವರೇ ಸರಿ. ಆ ಭಾಷೆಯು ಇಂದು ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಮಾತ್ರವೇ ನಿಂತಿಲ್ಲ. ಔಷಧದ ಸೀಸೆಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ, ಬ್ಯಾಂಕಿನ ಅರ್ಜಿಯ ಮೇಲೆ ಏರಿಕೊಂಡು ಅಡಿಗೆಮನೆಯವರೆಗೂ ನಡೆದುಬಂದಿದೆ. ಬರುವಾಗ ಒಂಟಿಯಾಗಿ ಬಾರದೆ ಜೋಡಿಜೋಡಿಯಾಗಿ ಶಬ್ದಗಳನ್ನು ತಂದಿದೆ. ನಾವು ಎರಡಕ್ಕೂ ಒಂದೇ ಕನ್ನಡವನ್ನು ಹೇಳಿಕೊಂಡು ನಿಶ್ಚಿಂತರಾಗಿರುತ್ತೇವೆ. ಪರೀಕ್ಷೆಯಲ್ಲಿ ಹೀಗೆ ಮಾಡಿದ ಹುಡುಗನಿಗೆ ಒಂದು ಅಂಕ ಹೋದೀತು, ಅಷ್ಟೆ. ಮನೆಯಲ್ಲಿ ಹೀಗೆ ಮಾಡಿದರೆ ಹೋಗತಕ್ಕದ್ದು ಅಂಕವಲ್ಲ. ಈ ಕಾರಣದಿಂದ ಈ ತಿಂಗಳ ಶಬ್ದವಿಚಾರಕ್ಕೆ ಮನೆಯೊಳಗೆ ದಿನವೂ ಓಡಾಡುವ ಕೆಲವು ಇಂಗ್ಲಿಷ್ ಜೋಡಿಗಳನ್ನೇ ಆರಿಸಿಕೊಂಡಿದ್ದೇವೆ.

ಮೊದಲಿಗೆ ಒಂದು ಆಕ್ಷೇಪಣೆಗೆ ಸಮಾಧಾನವನ್ನು ಹೇಳಬೇಕಾಗಿದೆ. "ಜೋಡಿಮಾತುಗಳೆಲ್ಲ ಅರ್ಥಭೇದವುಳ್ಳವೇ ಆಗಿರಬೇಕೇನು? ನಮ್ಮಲ್ಲಿ ಬಟ್ಟೆಬರೆ, ನೆಂಟರಿಷ್ಟರು ಎಂದು ಸುಮ್ಮನೆ ಜೊತೆಗೂಡಿಸಿ ಆಡುವುದಿಲ್ಲವೇ?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಇಂಗ್ಲಿಷಿನಲ್ಲಿಯೂ ಇಂತಹ ಜೋಡಿಗಳು ಯಥೇಚ್ಛವಾಗಿವೆ, ಅವಕ್ಕೊಂದು ಇತಿಹಾಸವೂ ಉಂಟು. 1066ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಮತ್ತು ನ್ಯಾಯಸ್ಥಾನದ ಮಾತು ಫ್ರೆಂಚ್ ಆಯಿತು. ದಾಖಲೆಗಳು ಲ್ಯಾಟಿನ್ನಿನಲ್ಲಿ ನಡೆದುವು. ಪ್ರಜೆಗಳ ಬಾಯಲ್ಲಿ ಮಾತ್ರ ಇಂಗ್ಲಿಷ್ ಉಳಿಯಿತು. ನ್ಯಾಯಸ್ಥಾನದಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂಬ ಶಾಸನವು ಹುಟ್ಟಿದುದು 1362ರಲ್ಲಿ. ಇಷ್ಟು ಕಾಲದ ಒಡನಾಟದಿಂದ, ಒಂದೇ ಪದಾರ್ಥಕ್ಕೆ ನಾಡಿನ ಹೆಸರೊಂದು, ಹೊರಗಿನ ಹೆಸರೊಂದು ಜೊತೆಯಾಗಿ ನಿಂತುವು. ಮರಣಶಾಸನದ ತಲೆಯಲ್ಲಿ ಇಂದಿಗೂ 'ವಿಲ್ ಅಂಡ್ ಟೆಸ್ಟಮೆಂಟ್' ಎಂದು ಬರೆಯುತ್ತಾರೆ. 'ವಿಲ್' ಎಂಬುದು ಹಳೆಯ ಇಂಗ್ಲಿಷ್, 'ಟೆಸ್ಟಮೆಂಟ್' ಎಂಬುದು ಲ್ಯಾಟಿನ್ ಮೂಲದ್ದು. ಇಂದಿನ ವ್ಯವಹಾರದಲ್ಲಿ ಎರಡಕ್ಕೂ ಅರ್ಥವೊಂದೇ. ಇಲ್ಲಿ ಭೇದವನ್ನು ಹುಡುಕುವವನು ನೀರನ್ನು ಕಡೆದು ಬೆಣ್ಣೆಯನ್ನು ಅರಸಿದಂತೆ.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದು ಜೋಡಿ. ಎಣ್ಣೆ, ದ್ರವಗಳ ಡಬ್ಬಿಗಳ ಮೇಲೆ ಒಮ್ಮೆ 'ಫ್ಲೇಮಬಲ್' ಎಂದೂ, ಇನ್ನೊಮ್ಮೆ 'ಇನ್‌ಫ್ಲೇಮಬಲ್' ಎಂದೂ ಬರೆದಿರುತ್ತದೆ. 'ಇನ್' ಎಂಬ ಉಪಸರ್ಗವು 'ಇಲ್ಲ' ಎಂಬ ಅರ್ಥದ್ದೆಂದು ಶಾಲೆಯಲ್ಲಿ ಕಲಿತವರು, ಮೊದಲನೆಯದು ಬೆಂಕಿ ಹಿಡಿಯುವ ವಸ್ತು, ಎರಡನೆಯದು ಹಿಡಿಯದ ವಸ್ತು ಎಂದು ಬಗೆಯುವುದು ಸಹಜ. ಆದರೆ ಎರಡೂ ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವನ್ನೇ ಹೇಳುತ್ತವೆ! ನಮ್ಮ 'ವಿ' ಎಂಬ ಉಪಸರ್ಗವನ್ನು ನೆನೆದರೆ ಇದರ ಮರ್ಮವು ತಿಳಿಯುವುದು. 'ವಿಫಲ'ದಲ್ಲಿ ಅದು ಫಲವನ್ನು ಇಲ್ಲವೆನ್ನುತ್ತದೆ. 'ವಿಶುದ್ಧ'ದಲ್ಲಿ ಶುದ್ಧತೆಯನ್ನು ಹೆಚ್ಚಿಸುತ್ತದೆ. ಹಾಗೆಯೇ ಲ್ಯಾಟಿನ್ನಿನಿಂದ ಬಂದ ಈ 'ಇನ್' ಬೆಂಕಿಯನ್ನು ತಳ್ಳುವುದಲ್ಲ, ಬೆಂಕಿಯೊಳಗೆ ನೂಕುವುದು. ಈ ಗೊಂದಲದಿಂದ ಅನಾಹುತವಾದೀತೆಂದು ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು 1920ರ ದಶಕದಲ್ಲಿಯೇ 'ಇನ್' ಎಂಬುದನ್ನು ಬಿಟ್ಟು 'ಫ್ಲೇಮಬಲ್' ಎಂದಷ್ಟೇ ಬರೆಯಬೇಕೆಂದು ಒತ್ತಾಯಪಡಿಸಿತು. ಹಳೆಯ ಮಾತು ಇನ್ನೂ ಸಂಪೂರ್ಣವಾಗಿ ಹೋಗಿಲ್ಲ. ಇವೆರಡರಲ್ಲಿ ಯಾವುದನ್ನು ಕಂಡರೂ ಡಬ್ಬಿಯನ್ನು ಒಲೆಯಿಂದ ದೂರವಿಡತಕ್ಕದ್ದು. ಬೆಂಕಿ ಹಿಡಿಯದ ವಸ್ತುವಿಗೆ ಅವರು ಬರೆಯುವುದು 'ನಾನ್‌ಫ್ಲೇಮಬಲ್' ಎಂದು.

ಇದರಿಂದ ಏನಾಯಿತು? ಭಿನ್ನವಾಗಿ ಕಾಣುವುವು ಒಂದೇ ಆಗಿರಬಹುದು. ಒಂದೇ ಎಂದು ಕಾಣುವುವು ಭಿನ್ನವಾಗಿರಬಹುದು. ರೂಪವನ್ನು ನೋಡಿ ಅರ್ಥವನ್ನು ಊಹಿಸಲಾಗದು. ಮೊದಲನೆಯ ಬಗೆಯದಕ್ಕೆ ಉದಾಹರಣೆಗಳಾದುವು. ಇನ್ನು ಎರಡನೆಯ ಬಗೆಯದನ್ನು ನೋಡೋಣ. ನಮಗೆ ಹೆಚ್ಚಿನ ಭಯವು ಅದರಿಂದಲೇ.

ಔಷಧದ ಕಪಾಟನ್ನು ತೆರೆಯೋಣ. ಮಗುವಿಗೆ ಜ್ವರ ಬಂದಿದೆ. ವೈದ್ಯರು ಒಂದು 'ಟೀಸ್ಪೂನ್' ಎಂದು ಬರೆದಿದ್ದಾರೆ. ತಾಯಿಯು ಕೈಗೆ ಸಿಕ್ಕಿದ ಚಮಚದಲ್ಲಿ ಕುಡಿಸುತ್ತಾಳೆ. ಕನ್ನಡದಲ್ಲಿ ಎಲ್ಲವೂ ಚಮಚವೇ. ಇಂಗ್ಲಿಷಿನಲ್ಲಿಯಾದರೋ 'ಟೀಸ್ಪೂನ್' ಎಂಬುದು 5 ಮಿಲಿಲೀಟರಿನ ಅಳತೆ, 'ಟೇಬಲ್‌ಸ್ಪೂನ್' ಎಂಬುದು 15 ಮಿಲಿಲೀಟರಿನ ಅಳತೆ. ಒಂದರ ಬದಲು ಇನ್ನೊಂದಾದರೆ ಔಷಧವು ಮೂರು ಪಾಲಾಗುವುದು. ಸಂಕ್ಷೇಪವಾಗಿ ಬರೆದಾಗ ಇವೆರಡಕ್ಕೂ ನಡುವೆ ಇರುವುದು 'ಬಿ' ಎಂಬ ಒಂದೇ ಅಕ್ಷರ: ಚಿಕ್ಕದಕ್ಕೆ ಟಿ-ಎಸ್-ಪಿ, ದೊಡ್ಡದಕ್ಕೆ ಟಿ-ಬಿ-ಎಸ್-ಪಿ. ನಮ್ಮ ಮನೆಗಳ ಚಮಚಗಳಂತೂ ಯಾವ ಅಳತೆಗೂ ಕಟ್ಟುಬಿದ್ದವಲ್ಲ. ಆದಕಾರಣ ಸೀಸೆಯೊಡನೆ ಬರುವ ಗೆರೆಹಾಕಿದ ಮುಚ್ಚಳವನ್ನು ಎಸೆಯದೆ, ಅದರಲ್ಲಿಯೇ ಅಳೆದು ಕೊಡುವುದು ಲೇಸು.

ಅದೇ ಕಪಾಟಿನಲ್ಲಿ ಇನ್ನೊಂದು ಜೋಡಿಯುಂಟು: 'ಡ್ರಾಪ್ಸ್' ಮತ್ತು 'ಸಿರಪ್'. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಎಂಬ ಔಷಧವು ಈ ಎರಡು ರೂಪಗಳಲ್ಲಿಯೂ ದೊರೆಯುತ್ತದೆ. ಹನಿಯಾಗಿ ಕೊಡುವುದು ಎಳೆಮಗುವಿಗೆ. ಆದುದರಿಂದ ಅದು ತೆಳುವಾಗಿರಬೇಕೆಂದು ನಾವು ಎಣಿಸುತ್ತೇವೆ. ಸಂಗತಿಯು ತಿರುಗುಮುರುಗು. ಎಳೆಮಗುವು ಹೆಚ್ಚು ನುಂಗಲಾರದೆಂದು ಹನಿಯ ಔಷಧವನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಸಾಮಾನ್ಯವಾಗಿ ಡ್ರಾಪ್ಸಿನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಔಷಧವಿದ್ದರೆ, ಸಿರಪಿನಲ್ಲಿ ಐದು ಮಿಲಿಲೀಟರಿಗೆ 125 ಮಿಲಿಗ್ರಾಂ, ಎಂದರೆ ಒಂದಕ್ಕೆ 25 ಮಾತ್ರ ಇರುತ್ತದೆ. ನಾಲ್ಕು ಪಾಲು ಅಂತರ! ಸಿರಪಿನಲ್ಲಿಯೇ 250 ಮಿಲಿಗ್ರಾಮಿನ ಇಮ್ಮಡಿ ಬಲದ್ದೂ ಉಂಟು. ಅಣ್ಣನಿಗೆ ತಂದ ಸಿರಪಿನ ಲೆಕ್ಕದಲ್ಲಿ ತಂಗಿಯ ಡ್ರಾಪ್ಸನ್ನು ಅಳೆದು ಕೊಟ್ಟರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಈ ಔಷಧವು ಮಿತಿಮೀರಿದರೆ ಪಿತ್ತಜನಕಾಂಗಕ್ಕೆ ಕೇಡು. ವೈದ್ಯರಿಂದ ತಿಳಿಯಬೇಕಾದುದು 'ಎಷ್ಟು ಚಮಚ' ಎಂಬುದನ್ನಲ್ಲ. 'ಯಾವ ಸೀಸೆಯಿಂದ, ಎಷ್ಟು ಮಿಲಿಲೀಟರು' ಎಂಬುದನ್ನು.

ಮಕ್ಕಳ ಮಾತಾಯಿತು, ಹಿರಿಯರ ವಿಷಯಕ್ಕೆ ಬರೋಣ. ಮಧುಮೇಹವುಳ್ಳವರ ಮನೆಯಲ್ಲಿ 'ಹೈಪರ್', 'ಹೈಪೋ' ಎಂಬ ಮಾತುಗಳು ಕೇಳಿಬರುತ್ತವೆ. ಎರಡೂ ಗ್ರೀಕಿನಿಂದ ಬಂದುವು. 'ಹೈಪರ್' ಎಂದರೆ ಮೇಲೆ, 'ಹೈಪೋ' ಎಂದರೆ ಕೆಳಗೆ. ಕಿವಿಗೆ ಅಣ್ಣತಮ್ಮಂದಿರಂತೆ ಕೇಳುವ ಈ ಎರಡರ ಅರ್ಥವು ಆಕಾಶ ಪಾತಾಳಗಳಷ್ಟು ದೂರ. ನಮ್ಮ ಮನೆಗಳಲ್ಲಿಯಾದರೋ ಎರಡಕ್ಕೂ "ಶುಗರ್ ಆಯಿತು" ಎಂಬ ಒಂದೇ ಮಾತು. ತಲೆ ತಿರುಗಿ, ಬೆವರಿ, ಕೈ ನಡುಗಿ, ಮಾತು ತೊದಲಿ ಕುಳಿತ ಹಿರಿಯರಿಗೆ "ಶುಗರ್ ಆಗಿದೆ, ಸಿಹಿಯನ್ನು ಮುಟ್ಟಿಸಬೇಡಿ" ಎಂದು ಕಾಫಿಯ ಸಕ್ಕರೆಯನ್ನೂ ತಪ್ಪಿಸತಕ್ಕವರುಂಟು. ಆದರೆ ಈ ಲಕ್ಷಣಗಳು ಸಕ್ಕರೆಯು ಏರಿದುದಕ್ಕಿಂತ ಹೆಚ್ಚಾಗಿ ಇಳಿದುದನ್ನೇ ಸೂಚಿಸುತ್ತವೆ. ಇನ್ಸುಲಿನ್ನನ್ನೋ, ಕೆಲವು ಬಗೆಯ ಮಾತ್ರೆಗಳನ್ನೋ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದಾಗ ಹೀಗಾಗುವುದುಂಟು. ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅದು 'ಹೈಪೋ'. ಆಗ ರೋಗಿಗೆ ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಸುಮಾರು 15 ಗ್ರಾಂ ಸಕ್ಕರೆಯನ್ನು, ಎಂದರೆ ಮೂರು ಸಣ್ಣ ಚಮಚದಷ್ಟನ್ನು, ನೀರಿನಲ್ಲಿ ಕರಗಿಸಿ ಕುಡಿಸಿ, ಕಾಲುಗಂಟೆಯ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 'ಶುಗರ್ ಆಯಿತು' ಎಂಬ ಮಾತನ್ನು ಮನೆಯಿಂದ ಹೊರಗಟ್ಟಿ, 'ಸಕ್ಕರೆ ಏರಿತು', 'ಸಕ್ಕರೆ ಇಳಿಯಿತು' ಎಂಬ ಎರಡು ಅಚ್ಚ ಮಾತುಗಳನ್ನು ಮಕ್ಕಳಿಗೂ ಕಲಿಸಿದರೆ ಪ್ರಾಣವೇ ಉಳಿದೀತು.

ಅಡಿಗೆಮನೆಯ ಜೋಡಿಯೊಂದನ್ನು ಇಲ್ಲಿಯೇ ಹೇಳಿಬಿಡುವೆವು. ಪೊಟ್ಟಣಗಳ ಮೇಲೆ ಕಾಣುವ 'ಬೆಸ್ಟ್ ಬಿಫೋರ್' ಎಂಬುದು ರುಚಿಯ, ಗುಣದ ಗಡು. ಅದು ದಾಟಿದರೆ ಬಿಸ್ಕತ್ತು ಮೆತ್ತಗಾದೀತು, ಪರಿಮಳ ಹೋದೀತು. ದಾಟಿದ ಕ್ಷಣದಲ್ಲಿ ವಿಷವಾಗುವುದಿಲ್ಲ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂಬುದು ಕ್ಷೇಮದ ಗಡು. ಅದನ್ನು ದಾಟಿದ ಪದಾರ್ಥವನ್ನು ತಿನ್ನಲಾಗದು. ಎರಡನ್ನೂ 'ಡೇಟ್ ಮುಗಿಯಿತು' ಎಂದು ಒಂದೇ ಮಾಡಿಕೊಂಡರೆ ಎರಡು ಕಡೆಯೂ ನಷ್ಟ: ಒಂದು ಕಡೆ ಒಳ್ಳೆಯ ಅನ್ನವನ್ನು ಚೆಲ್ಲಿದಂತಾಯಿತು, ಇನ್ನೊಂದು ಕಡೆ ಕೆಟ್ಟುದನ್ನು ಉಂಡಂತಾಯಿತು.

ಇನ್ನು ಪೆಟ್ಟಿಗೆಯೊಳಗಿನ ಕಾಗದಪತ್ರಗಳನ್ನು ತೆಗೆಯೋಣ. ಮೇಲಿನವು ದೇಹಕ್ಕೆ ಸಂಬಂಧಪಟ್ಟುವು. ಇವು ಮನೆತನಕ್ಕೆ ಸಂಬಂಧಪಟ್ಟುವು.

ಪರಿಚಿತರೊಬ್ಬರು ಸಂಜೆಯ ಹೊತ್ತಿನಲ್ಲಿ ಬಂದು, "ಒಂದು ಸಾಲದ ಕಾಗದ, ಸುಮ್ಮನೆ ಒಂದು ರುಜು ಹಾಕಿ" ಎಂದು ಕೇಳುವ ಪ್ರಸಂಗವು ಯಾವ ಗೃಹಸ್ಥನಿಗೆ ಬಂದಿಲ್ಲ? ರುಜು ಹಾಕುವ ಜಾಗದ ಕೆಳಗೆ 'ವಿಟ್‌ನೆಸ್' ಎಂದಿದೆಯೋ 'ಗ್ಯಾರಂಟರ್' ಎಂದಿದೆಯೋ ಎಂಬುದನ್ನು ದಾಕ್ಷಿಣ್ಯದಿಂದ ನಾವು ನೋಡುವುದಿಲ್ಲ. 'ವಿಟ್‌ನೆಸ್' ಎಂದರೆ ಸಾಕ್ಷಿ. ಇಂತಹವನು ನನ್ನ ಮುಂದೆ ರುಜು ಹಾಕಿದನೆಂದು ಹೇಳುವಷ್ಟೇ ಅವನ ಹೊಣೆ. ಸಾಲವನ್ನು ತೀರಿಸುವ ಬಾಧ್ಯತೆಯು ಅವನ ಮೇಲಿಲ್ಲ. 'ಗ್ಯಾರಂಟರ್' ಎಂದರೆ ಜಾಮೀನುದಾರ. 1872ರ ಭಾರತೀಯ ಕರಾರು ಶಾಸನದ 128ನೆಯ ಪ್ರಕರಣದ ಮೇರೆಗೆ, ಕರಾರಿನಲ್ಲಿ ಬೇರೆ ವಿಧವಾಗಿ ಹೇಳಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. "ಮೊದಲು ಅವನನ್ನು ಕೇಳಿ, ಅವನು ಕೊಡದಿದ್ದರೆ ನನ್ನ ಬಳಿ ಬನ್ನಿ" ಎಂಬ ಮಾತಿಗೆ ಕಾನೂನಿನಲ್ಲಿ ಎಡೆಯಿಲ್ಲ. ಬ್ಯಾಂಕು ಮೊದಲು ಸಾಲಗಾರನಿಂದ ವಸೂಲಿಗೆ ಪ್ರಯತ್ನಪಟ್ಟು ಮುಗಿಸಬೇಕಾದ ಆವಶ್ಯಕತೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿಯೇ ತೀರ್ಮಾನಿಸಿದೆ. ಎರಡು ಕಡೆಯೂ ಹಾಕುವುದು ಒಂದೇ ರುಜು, ಒಂದೇ ಮಸಿ. ಒಂದರಲ್ಲಿ ಕಣ್ಣನ್ನು ಎರವಲು ಕೊಟ್ಟಂತೆ, ಇನ್ನೊಂದರಲ್ಲಿ ಮನೆಯನ್ನೇ ಒತ್ತೆಯಿಟ್ಟಂತೆ. ಕೇಳಿದವರಿಗೆ ಸಹಾಯ ಮಾಡಬಾರದೆಂದು ನಾವು ಹೇಳುವುದಿಲ್ಲ. ಯಾವ ಸಹಾಯವನ್ನು ಮಾಡುತ್ತಿರುವೆವೆಂಬುದನ್ನು ಅರಿತು ಮಾಡಬೇಕೆನ್ನುವೆವು.

ಮುಂದಿನ ಜೋಡಿ 'ವಿಲ್' ಮತ್ತು 'ಗಿಫ್ಟ್'. ವಯಸ್ಸಾದ ತಂದೆತಾಯಿಗಳು ಮನೆಯನ್ನು ಮಕ್ಕಳ ಹೆಸರಿಗೆ "ಬರೆದುಕೊಟ್ಟೆವು" ಎನ್ನುತ್ತಾರೆ. ಬರೆದುಕೊಟ್ಟುದು ಯಾವುದನ್ನು? ವಿಲ್ ಎಂದರೆ ಮರಣಶಾಸನ. ಬರೆದವರು ಬದುಕಿರುವವರೆಗೂ ಮನೆ ಅವರದೇ. ಮನಸ್ಸು ಬದಲಾದರೆ ಹರಿದುಹಾಕಿ ಬೇರೆ ಬರೆಯಬಹುದು. ಇಬ್ಬರು ಸಾಕ್ಷಿಗಳು ಬೇಕು, ರಿಜಿಸ್ಟರು ಮಾಡಿಸಲೇಬೇಕೆಂಬ ಕಟ್ಟಳೆಯಿಲ್ಲ. ಗಿಫ್ಟ್ ಎಂದರೆ ದಾನಪತ್ರ. ಸ್ಥಿರಸ್ವತ್ತಿನ ದಾನವನ್ನು ಇಬ್ಬರು ಸಾಕ್ಷಿಗಳೊಡನೆ ರಿಜಿಸ್ಟರು ಮಾಡಿಸತಕ್ಕದ್ದು. ಪಡೆದವರು ಅದನ್ನು ಸ್ವೀಕರಿಸಿದೊಡನೆ ಮನೆ ಅವರದಾಯಿತು. ಕೊಟ್ಟವರು ಮರುದಿನವೇ ಪಶ್ಚಾತ್ತಾಪಪಟ್ಟರೂ ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲಾರರು. 60 ವರ್ಷ ಮೀರಿದವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನ ಮಾಡಿ, ಆ ಷರತ್ತು ಮುರಿದುಬಿದ್ದರೆ, ದಾನವನ್ನು ರದ್ದುಪಡಿಸಿಕೊಳ್ಳುವ ದಾರಿಯನ್ನು 2007ರ ಹಿರಿಯ ನಾಗರಿಕರ ಶಾಸನವು ತೋರಿಸಿದೆ. ಆದರೆ ಆ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿರುವುದು ವಿವೇಕ. ಮಕ್ಕಳು ಒಳ್ಳೆಯವರೆಂಬ ನಂಬಿಕೆಗೂ ಇದಕ್ಕೂ ವಿರೋಧವಿಲ್ಲ. ವಿಲ್ ಎಂದರೆ ತನ್ನ ಕಾಲಾನಂತರ ಕೊಡುವುದು, ಗಿಫ್ಟ್ ಎಂದರೆ ಇಂದೇ ಕೊಟ್ಟುಬಿಡುವುದು ಎಂಬಷ್ಟು ತಿಳಿದು ರುಜು ಹಾಕಿದರೆ ಮುಂದೆ ಯಾರನ್ನೂ ದೂರುವ ಸಂದರ್ಭ ಬಾರದು.

ಕಡೆಯ ಜೋಡಿಯನ್ನು ಹೇಳುವುದಕ್ಕೆ ಮುಂಚೆ ನಮ್ಮ ಪರಿಚಯದ ಒಂದು ಮನೆಯ ಸಂಗತಿಯನ್ನು ತಿಳಿಸುವೆವು. ಹೆಸರು ಬೇಡ. ಆ ಮನೆಯ ಯಜಮಾನರು ಉಪಾಧ್ಯಾಯರು. ಮದುವೆಗೆ ಮುಂಚೆ ಒಂದು ಬ್ಯಾಂಕಿನಲ್ಲಿ ಠೇವಣಿಯಿಡುವಾಗ, ಅರ್ಜಿಯಲ್ಲಿ 'ನಾಮಿನಿ' ಎಂದಿದ್ದ ಕಡೆ ತಮ್ಮ ಒಡಹುಟ್ಟಿದ ತಮ್ಮನ ಹೆಸರನ್ನು ಬರೆದರು. ಬಳಿಕ ಮದುವೆಯಾಯಿತು, ಮಕ್ಕಳಾದರು. ಠೇವಣಿಯು ವರ್ಷವರ್ಷವೂ ಮುಂದುವರಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಅಕಸ್ಮಾತ್ತಾಗಿ ಅವರು ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಬ್ಯಾಂಕಿನವರು ತಮ್ಮನನ್ನು ಕರೆದು ಹಣವನ್ನು ಕೊಟ್ಟರು. "ನಾಮಿನಿ ಎಂದರೆ ವಾರಸುದಾರ, ಅಲ್ಲವೇ?" ಎಂದು ಅಲ್ಲಿ ಯಾರೋ ಆಡಿದ ಮಾತನ್ನು ತಮ್ಮನೂ ನಂಬಿದನು, ಅತ್ತಿಗೆಯೂ ನಂಬಿದಳು. ಅಣ್ಣನು ತನ್ನ ಮೇಲಿನ ಪ್ರೀತಿಯಿಂದ ಬಿಟ್ಟುಹೋದನೆಂದು ಅವನು ಎಣಿಸಿದನು. ಹೆಂಡತಿ ಮಕ್ಕಳನ್ನು ಗಂಡನು ಮರೆತನೆಂದು ಆಕೆ ಒಳಗೇ ನೊಂದಳು. ಬಾಯಿಬಿಟ್ಟು ಒಬ್ಬರೂ ಆಡಲಿಲ್ಲ. ಎರಡು ವರ್ಷ ಆ ಎರಡು ಮನೆಗಳ ನಡುವೆ ಹಬ್ಬದ ಊಟ ನಿಂತಿತು.

ಬ್ಯಾಂಕಿನವರು ತಮ್ಮನಿಗೆ ಹಣವನ್ನು ಕೊಟ್ಟುದು ಸರಿಯೇ. ತಪ್ಪಿದುದು ಆ ಒಂದು ಮಾತಿನ ಅರ್ಥದಲ್ಲಿ. 'ನಾಮಿನಿ' ಎಂದರೆ ಹಣವನ್ನು ಪಡೆದುಕೊಳ್ಳಲು ಹೆಸರಿಸಲ್ಪಟ್ಟವನು; ಅವನ ಕೈಗೆ ಕೊಟ್ಟರೆ ಬ್ಯಾಂಕಿನ ಹೊಣೆ ತೀರಿತು. 'ಏರ್' ಎಂದು ಇಂಗ್ಲಿಷಿನಲ್ಲಿ ಕರೆಯುವ ವಾರಸುದಾರನೇ ಬೇರೆ. ಹಣವು ಕಡೆಗೆ ಸೇರತಕ್ಕದ್ದು ಅವನಿಗೆ. ನಾಮಿನಿಯು ವಾರಸುದಾರರ ಪರವಾಗಿ ಹಣವನ್ನು ಹಿಡಿದುಕೊಂಡಿರುವವನು ಮಾತ್ರ. ವಿಮೆಯ ಹಣದ ವಿಷಯದಲ್ಲಿ 1983ರಲ್ಲಿಯೂ, ಬ್ಯಾಂಕಿನ ಠೇವಣಿಯ ವಿಷಯದಲ್ಲಿ 2010ರಲ್ಲಿಯೂ, ಕಂಪೆನಿಯ ಷೇರುಗಳ ವಿಷಯದಲ್ಲಿ 2023ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಹೀಗೆಯೇ ಹೇಳಿದೆ. 1956ರ ಹಿಂದೂ ಉತ್ತರಾಧಿಕಾರ ಶಾಸನದಂತೆ, ವಿಲ್ ಇಲ್ಲದೆ ಸತ್ತ ಗಂಡಸಿನ ಸ್ವಂತ ಹಣಕ್ಕೆ ಮೊದಲ ದರ್ಜೆಯ ವಾರಸುದಾರರು ಮುಖ್ಯವಾಗಿ ಮಕ್ಕಳು, ಹೆಂಡತಿ ಮತ್ತು ತಾಯಿ. ಅವರಿರುವಾಗ ತಮ್ಮನಿಗೆ ಪಾಲಿಲ್ಲ. ಆ ಮನೆಯಲ್ಲಿ ವೃದ್ಧೆಯಾದ ತಾಯಿಯೂ ಇದ್ದಳು. ಆಕೆಗೂ ಒಂದು ಪಾಲಿದೆಯೆಂಬುದು ಯಾರ ಮನಸ್ಸಿಗೂ ಹೊಳೆದಿರಲಿಲ್ಲ.

ವಿಮೆಯ ವಿಷಯದಲ್ಲಿ ಒಂದು ತಿದ್ದುಪಡಿಯನ್ನು ಇಲ್ಲಿಯೇ ಹೇಳಬೇಕು. 2015ರ ತಿದ್ದುಪಡಿಯ ತರುವಾಯ, ತನ್ನ ಜೀವವಿಮೆಗೆ ತಂದೆತಾಯಿ, ಹೆಂಡತಿ ಅಥವಾ ಗಂಡ, ಮಕ್ಕಳು ಇವರಲ್ಲಿ ಯಾರನ್ನಾದರೂ ನಾಮಿನಿಯಾಗಿ ಹೆಸರಿಸಿದ್ದರೆ, ಆ ಹಣಕ್ಕೆ ಅವರು ಒಡೆಯರೇ ಆಗುವರು. ಹೀಗೆ ಒಂದೇ ಶಬ್ದವು ಬ್ಯಾಂಕಿನಲ್ಲಿ ಒಂದು ಬಗೆ, ವಿಮೆಯಲ್ಲಿ ಇನ್ನೊಂದು ಬಗೆ. 2025ರ ನವೆಂಬರ್ 1ರಿಂದ ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ಹೆಸರುಗಳು ಹೆಚ್ಚಿದುವೆಂದು ಅರ್ಥವು ಬದಲಾಗಲಿಲ್ಲ.

ಆ ಮನೆಯ ಕಥೆ ಏನಾಯಿತೆಂದು ವಾಚಕರು ಕೇಳುವರು. ಬೇರೊಂದು ಕೆಲಸಕ್ಕಾಗಿ ವಕೀಲರೊಬ್ಬರ ಬಳಿಗೆ ಹೋದ ತಮ್ಮನಿಗೆ ಮಾತಿನ ಮಧ್ಯೆ ಈ ಭೇದವು ತಿಳಿಯಿತು. ಅವನು ಮನೆಗೆ ಹೋಗದೆ ನೇರವಾಗಿ ಅತ್ತಿಗೆಯ ಬಳಿಗೆ ಬಂದು, "ಅತ್ತಿಗೆ, ಅಣ್ಣ ನಿಮ್ಮನ್ನು ಮರೆತಿರಲಿಲ್ಲ, ನಮಗೆ ಓದುವುದಕ್ಕೆ ಬರಲಿಲ್ಲ" ಎಂದನಂತೆ. ಹಣವು ಬಂದಿತು. ಆಕೆ ನಮ್ಮೊಡನೆ ಇದನ್ನು ಹೇಳಿದಾಗ ಹಣದ ಮೊತ್ತವನ್ನು ಹೇಳಲಿಲ್ಲ. ಆ ಮಾತನ್ನು ಮಾತ್ರ ಎರಡು ಸಲ ಹೇಳಿದಳು. ಎಲ್ಲ ಮನೆಗಳಲ್ಲಿಯೂ ಇಂತಹ ತಮ್ಮನಿರುವನೆಂದು ನಂಬಿ ಕೂರಲಾಗದು. ಆದಕಾರಣ ಮದುವೆ, ಮಗುವಿನ ಜನನ, ಮರಣ ಇವು ನಡೆದಾಗಲೆಲ್ಲ ಹಳೆಯ ಅರ್ಜಿಗಳನ್ನು ತೆಗೆದು ಹೆಸರುಗಳನ್ನು ನೋಡಿಕೊಳ್ಳತಕ್ಕದ್ದು. ಹಣವು ಯಾರಿಗೆ ಸೇರಬೇಕೆಂಬುದನ್ನು ವಿಲ್ಲಿನಲ್ಲಿ ಬೇರೆಯಾಗಿ ಬರೆದಿಡತಕ್ಕದ್ದು.

ಇಷ್ಟನ್ನು ಓದಿ, "ಕನ್ನಡದಲ್ಲಿ ಶಬ್ದಗಳಿಲ್ಲದಿರುವುದೇ ಈ ತೊಂದರೆಗೆ ಕಾರಣ" ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಸಾಕ್ಷಿ, ಜಾಮೀನುದಾರ, ಮರಣಶಾಸನ, ದಾನಪತ್ರ, ಏರಿತು, ಇಳಿಯಿತು: ಇವುಗಳಲ್ಲಿ ಯಾವುದು ನಮಗೆ ಹೊಸದು? ಹಳ್ಳಿಯ ಮುದುಕಿಯೂ ಕೈಗಡ ಬೇರೆ, ಬಡ್ಡಿಸಾಲ ಬೇರೆಯೆಂದು ಬಲ್ಲಳು. 1946ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯವು ಇಂಗ್ಲಿಷ್-ಕನ್ನಡ ನಿಘಂಟನ್ನು ಪ್ರಕಟಿಸಿತು. ಕೊರತೆಯಿರುವುದು ಭಾಷೆಯಲ್ಲಲ್ಲ, ಇಂಗ್ಲಿಷ್ ಮಾತು ಬಂದೊಡನೆ ಕನ್ನಡದ ವಿವೇಕವನ್ನು ಹೊಸ್ತಿಲಾಚೆ ನಿಲ್ಲಿಸುವ ನಮ್ಮ ಸಂಕೋಚದಲ್ಲಿ. ಇಂಗ್ಲಿಷ್ ಓದಿದ ಮಕ್ಕಳು ಮನೆಯಲ್ಲಿದ್ದಾರೆಂದೂ ನೆಮ್ಮದಿಯಾಗಿರಲಾಗದು. ಶಬ್ದವನ್ನು ತಪ್ಪಿಲ್ಲದೆ ಉಚ್ಚರಿಸುವುದು ಒಂದು ವಿದ್ಯೆ. ಅದರ ಜೊತೆಗಾರನಿಂದ ಅದನ್ನು ಬೇರ್ಪಡಿಸಿ ಅರಿಯುವುದು ಇನ್ನೊಂದು.

ನಮ್ಮ ಸಲಹೆಯು ಸುಲಭವಾದುದು. ಕುಡಿಯುವ ಸೀಸೆಯ ಮೇಲಾಗಲಿ, ರುಜು ಹಾಕುವ ಕಾಗದದ ಮೇಲಾಗಲಿ ಅರಿಯದ ಇಂಗ್ಲಿಷ್ ಶಬ್ದವು ಕಂಡಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಹೋಲುವ ಇನ್ನೊಂದು ಶಬ್ದ ಯಾವುದು? ಇದರ ಸ್ಥಾನದಲ್ಲಿ ಅದಿದ್ದರೆ ನಮ್ಮ ಮನೆಯಲ್ಲಿ ಏನು ಬದಲಾಗುವುದು? ಎರಡನೆಯ ಪ್ರಶ್ನೆಗೆ 'ಏನೂ ಇಲ್ಲ' ಎಂಬ ಉತ್ತರ ಬಂದರೆ ಅದು ಬಟ್ಟೆಬರೆಯಂತಹ ಜೋಡಿಯೆಂದು ಸುಮ್ಮನಿರಬಹುದು. ಹಾಗಲ್ಲದಿದ್ದರೆ ವೈದ್ಯರನ್ನೋ, ವಕೀಲರನ್ನೋ, ಬ್ಯಾಂಕಿನವರನ್ನೋ ಕೇಳಿ, ಉತ್ತರವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು. ಕೇಳುವುದಕ್ಕೆ ನಾಚಿಕೆ ಬೇಡ. ಹೊಲ ಯಾವುದು, ಗದ್ದೆ ಯಾವುದು ಎಂದು ಕೇಳಿ ಕ್ರಯಪತ್ರಕ್ಕೆ ರುಜು ಹಾಕಿದವನನ್ನು ಯಾವ ಊರಿನಲ್ಲಿಯೂ ದಡ್ಡನೆಂದು ಕರೆದುದಿಲ್ಲ.

ವಾಚಕರ ಮನೆಗಳಲ್ಲಿಯೂ ಇಂತಹ ಜೋಡಿಗಳು ಹಲವು ಇರಬಹುದು. ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ವಿಚಾರಮಾಡುವೆವು. ಅದಕ್ಕೆ ಮೊದಲು ಈ ರಾತ್ರಿಯೇ ಔಷಧದ ಕಪಾಟನ್ನೂ ಕಾಗದದ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಬೇಕೆಂದು ಪ್ರಾರ್ಥಿಸುವೆವು.